ಪ್ರೊಫೆಸರ್ ಹೆಸರು ಟೈಪ್ ಆಗಲಿಲ್ಲ: ಈಮ್ಯಾಕ್ಸ್‌ಗೆ ಪಿನ್‌ಯಿನ್ ಪಟ್ಟಿ ಸೇರಿಸಿದ ಒಂದು ಪ್ರಕರಣ

ನಮ್ಮ ಆಫೀಸು ಅಂದರೆ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲಿನ ಎರಡು ರೂಮು. ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಾನು, ಹರಿಹರದಿಂದ ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ, ಎರಡು ಕಂಪ್ಯೂಟರ್, ಒಂದು ಯುಪಿಎಸ್. ಚೈನೀಸ್ ಅಕ್ಷರಕ್ಕೂ ನಮಗೂ ಯಾವ ನೆಂಟಸ್ತನವೂ ಇರಲಿಲ್ಲ. ತಂದವಳು ನನ್ನ ಅಕ್ಕನ ಮಗಳು.

ಅವಳು ಚೀನಾದಲ್ಲಿ ಎಂಬಿಬಿಎಸ್ ಓದಿ ಬಂದವಳು. ಅಲ್ಲಿ ಪಾಠ ಇಂಗ್ಲಿಷಿನಲ್ಲೇ ಇತ್ತು. ಆದರೆ ವಾರ್ಡಿನಲ್ಲಿ ಮಲಗಿದ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲವಲ್ಲ. ನಮ್ಮ ಕಡೆಯಿಂದ ಹೋದ ಹುಡುಗರು ಜಾಸ್ತಿ ಒದ್ದಾಡುವುದು ಅಲ್ಲೇ. ಈಗ ಅವಳು ಊರಲ್ಲಿ ಕೂತು ಎಫ್‌ಎಂಜಿಇಗೆ, ಅಂದರೆ ಹೊರದೇಶದಲ್ಲಿ ವೈದ್ಯಕೀಯ ಓದಿದವರು ಇಲ್ಲಿ ಪಾಸಾಗಬೇಕಾದ ಪರೀಕ್ಷೆಗೆ, ಓದುತ್ತಿದ್ದಾಳೆ. 300 ಪ್ರಶ್ನೆ, 150 ಬಂದರೆ ಪಾಸು. ಓದಿ ಓದಿ ಬೇಜಾರಾದಾಗ, ಮುಂದೆ ಹೋಗುವ ಜೂನಿಯರ್‌ಗಳಿಗೆ ಆಗಲಿ ಅಂತ ಒಂದು ಪದಪಟ್ಟಿ ಮಾಡಲು ಹಿಡಿದಿದ್ದಳು. ಮೂರು ಕಾಲಂ: ಚೈನೀಸ್ ಅಕ್ಷರ, ಅದರ ಪಿನ್‌ಯಿನ್ (ರೋಮನ್ ಅಕ್ಷರದಲ್ಲಿ ಉಚ್ಚಾರಣೆ), ಕನ್ನಡದಲ್ಲಿ ಅರ್ಥ.

ಮಾಡುತ್ತಿದ್ದ ರೀತಿ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಚೈನೀಸನ್ನು ಫೋನಿನಲ್ಲಿ ಟೈಪ್ ಮಾಡಿ, ವಾಟ್ಸಾಪಿನಲ್ಲಿ ತನಗೆ ತಾನೇ ಕಳಿಸಿಕೊಂಡು, ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡಿ ಅಂಟಿಸುವುದು. ಕನ್ನಡ ಇನ್ನೊಂದು ಕಡೆಯಿಂದ. ಒಂದು ಸಾಲಿಗೆ ಎರಡು ನಿಮಿಷ.

ಒಂದಿನ ಆಫೀಸಿಗೆ ಬಂದವಳು ನಾನು ಈಮ್ಯಾಕ್ಸ್‌ನಲ್ಲಿ ಕನ್ನಡ ಟೈಪ್ ಮಾಡುವುದನ್ನು ನಿಂತು ನೋಡಿದಳು.

"ಮಾಮ, ಇದರಲ್ಲಿ ಚೈನೀಸೂ ಬರುತ್ತಾ?"

"ಬರುತ್ತೆ, ಮೊದಲಿಂದಲೂ ಇದೆ," ಅಂದೆ. ಆ ಮಾತು ಮುಕ್ಕಾಲು ಪಾಲು ನಿಜವಾಗಿತ್ತು.

ಇದ್ದದ್ದು ಏನು

ಈಮ್ಯಾಕ್ಸ್ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಮುಕ್ತ ತಂತ್ರಾಂಶದ ಟೆಕ್ಸ್ಟ್ ಎಡಿಟರ್. ಗ್ನೂ ಈಮ್ಯಾಕ್ಸ್ 1985ರಿಂದ ಇದೆ. 1997ರಲ್ಲಿ ಬಂದ 20ನೇ ಆವೃತ್ತಿಯಲ್ಲಿ ಬಹುಭಾಷೆಯ ವ್ಯವಸ್ಥೆ ಸೇರಿತು. (ಅದೇ ವರ್ಷ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾಯಿತು. ಸುಮ್ನೆ ನೆನಪಾಯಿತು, ಅಷ್ಟೇ.) ವಿಂಡೋಸ್, ಲಿನಕ್ಸ್ ಯಾವುದರ ಕೀಬೋರ್ಡ್ ಸೆಟ್ಟಿಂಗೂ ಮುಟ್ಟದೆ ಎಡಿಟರ್ ಒಳಗೇ ಭಾಷೆ ಬದಲಿಸಬಹುದು. ಈ ಕೆಲಸ ಮಾಡುವ ಭಾಗದ ಹೆಸರು ಕ್ವೇಲ್. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಅನ್ನುವ ಪಟ್ಟಿಗಳನ್ನು ಅದು ಓದಿಕೊಳ್ಳುತ್ತದೆ. ಕನ್ನಡಕ್ಕೂ ಪಟ್ಟಿ ಇದೆ, ಚೈನೀಸ್‌ಗಂತೂ ಹತ್ತಾರು.

ಕನ್ನಡದ ಪಟ್ಟಿ ಸಲೀಸು. ಕೆ ಮತ್ತು ಎ ಒತ್ತಿದರೆ ಕ. ಒಂದು ಉಚ್ಚಾರಣೆಗೆ ಒಂದೇ ಬರಹ. ಚೈನೀಸ್‌ನಲ್ಲಿ ಹಾಗಲ್ಲ. ಮ್ಯಾಂಡರಿನ್‌ನಲ್ಲಿ ಸ್ವರದ ಏರಿಳಿತ ಬಿಟ್ಟರೆ ಇರುವ ಉಚ್ಚಾರಣೆಗಳೇ ಸುಮಾರು 400. ಅಕ್ಷರಗಳು ಸಾವಿರಾರು. ಹಾಗಾಗಿ ನೀವು ಉಚ್ಚಾರಣೆ ಟೈಪ್ ಮಾಡಿದರೆ ಒಂದು ಸಾಲು ಅಕ್ಷರ ಎದುರಿಗೆ ಬಂದು ನಿಲ್ಲುತ್ತವೆ, ಅದರಲ್ಲಿ ನಿಮ್ಮದನ್ನು ಆರಿಸಬೇಕು. ಸಂತೆಯಲ್ಲಿ "ರಾಜಣ್ಣಾ" ಅಂತ ಕೂಗಿದರೆ ಹತ್ತು ಜನ ತಿರುಗಿ ನೋಡುವ ಹಾಗೆ.

ಟೈಪ್ ಮಾಡುವ ಆ ಉಚ್ಚಾರಣೆಯನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿಯೇ ಪಿನ್‌ಯಿನ್. ಚೀನಾದ ಸಂಸತ್ತು 1958ರ ಫೆಬ್ರವರಿಯಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಝೌ ಯೌಗುವಾಂಗ್ ಮೊದಲು ಬ್ಯಾಂಕಿನಲ್ಲಿದ್ದ ಅರ್ಥಶಾಸ್ತ್ರದ ಮನುಷ್ಯ. 1906ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದರು. ಅಕ್ಷರ ಲೆಕ್ಕ ಹಾಕುವ ಕೆಲಸ ಆಯುಸ್ಸಿಗೆ ಒಳ್ಳೆಯದೋ ಏನೋ.

ಅವಳಿಗೆ ಎರಡು ಕೀ ಹೊಂದಿಸಿಕೊಟ್ಟೆ. ಎಫ್7 ಒತ್ತಿದರೆ ಕನ್ನಡ, ಎಫ್8 ಒತ್ತಿದರೆ ಚೈನೀಸ್. ಈಮ್ಯಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿದರೆ ಕೊನೆಗೆ ಬಳಸಿದ ಭಾಷೆ ಮಾತ್ರ ಆನ್ ಆಫ್ ಆಗುತ್ತದೆ. ಎರಡು ಭಾಷೆಯವರಿಗೆ ಅದು ತಲೆನೋವು.

ಮೊದಲು ಟೈಪ್ ಮಾಡಿದ ಪದ "ನಿ". ಅರ್ಥ ನೀನು. ನಮ್ಮ ಅಮ್ಮನಿಗೆ ಇಡೀ ಚೈನೀಸ್‌ನಲ್ಲಿ ಗೊತ್ತಿರುವ ಪದ ಇದೊಂದೇ. "ಅವರೂ ನೀ ಅಂತಾರಂತೆ ಕಣೋ," ಅಂತ ಬಂದವರಿಗೆಲ್ಲ ಹೇಳುತ್ತಿರುತ್ತಾರೆ. ಈಮ್ಯಾಕ್ಸ್‌ನ ಸಹಾಯ ಪುಟದಲ್ಲೂ ಉದಾಹರಣೆಗೆ ಕೊಟ್ಟಿರುವುದು ಅದೇ ಪದ: ಎನ್, ಐ ಒತ್ತಿ, ಕಂಟ್ರೋಲ್ ಎನ್ ಒತ್ತಿ ಮುಂದಿನ ಗುಂಪಿಗೆ ಹೋಗಿ, ಅಲ್ಲಿ 3 ಒತ್ತಿ. ಗುಂಪಿಗೆ ಹತ್ತು ಅಕ್ಷರ. ಅಂದರೆ ದಿನಕ್ಕೆ ನೂರು ಸಲ ಬೇಕಾಗುವ "ನೀನು" 13ನೇ ಜಾಗದಲ್ಲಿ ಕೂತಿದೆ.

"ಫೋನಲ್ಲಿ ಇದು ಮೊದಲನೇದೇ ಬರುತ್ತೆ ಮಾಮ," ಅಂದಳು. ನಾನು ಸುಮ್ಮನಿದ್ದೆ.

ಸಿಕ್ಕಿಕೊಂಡಿದ್ದು ಎಲ್ಲಿ

ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಐದನೇ ದಿನ ಪದಪಟ್ಟಿಯ ಮೊದಲ ಪುಟಕ್ಕೆ ಕೃತಜ್ಞತೆ ಬರೆಯಲು ಕೂತಳು. ಅಲ್ಲಿ ಅವಳಿಗೆ ಸರ್ಜರಿ ಕಲಿಸಿದ ಪ್ರೊಫೆಸರ್ ಹೆಸರು ಬರಬೇಕು. ಆ ಹೆಸರಿನ ಎರಡನೇ ಅಕ್ಷರ ಬರಲೇ ಇಲ್ಲ.

ಕೀಬೋರ್ಡಿನಲ್ಲಿ ಜೆಡ್, ಎಚ್, ಇ. ಶುಭ ಎಂಬ ಅರ್ಥದ ಅಕ್ಷರವನ್ನು ಎರಡು ಸಲ ಪಕ್ಕಪಕ್ಕ ಬರೆದರೆ ಆ ಅಕ್ಷರ. ಅರ್ಥ ಜಾಣ. ಚೀನಾದಲ್ಲಿ ಮಕ್ಕಳಿಗೆ ಇಷ್ಟಪಟ್ಟು ಇಡುವ ಹೆಸರುಗಳಲ್ಲಿ ಅದು ಬರುತ್ತದೆ. ಪಟ್ಟಿಯ ಎಲ್ಲ ಗುಂಪೂ ತಿರುಗಿಸಿ ನೋಡಿದೆವು. ಇಲ್ಲ.

ಕಾರಣ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಈಮ್ಯಾಕ್ಸ್‌ನ ಈ ಪಿನ್‌ಯಿನ್ ಪಟ್ಟಿ ಸಿಎಕ್ಸ್‌ಟರ್ಮ್ ಎಂಬ ಹಳೆಯ ಚೈನೀಸ್ ಟರ್ಮಿನಲ್‌ನಿಂದ ಬಂದದ್ದು. ಅದು ಜಿಬಿ 2312 ಎಂಬ, ಕಂಪ್ಯೂಟರಿಗೆ ಗೊತ್ತುಮಾಡಿದ ಅಕ್ಷರಗಳ ಅಧಿಕೃತ ಪಟ್ಟಿಯ ಮೇಲೆ ನಿಂತಿದೆ. ಚೀನಾ 1980ರಲ್ಲಿ ಹೊರತಂದ ಆ ಪಟ್ಟಿಯಲ್ಲಿ 6,763 ಅಕ್ಷರ ಇವೆ. ದಿನಬಳಕೆಯ 3,755 ಅಕ್ಷರಗಳು ಮೊದಲ ಹಂತದಲ್ಲಿ, ಪಿನ್‌ಯಿನ್ ಅನುಕ್ರಮದಲ್ಲಿ. ಉಳಿದ 3,008 ಎರಡನೇ ಹಂತದಲ್ಲಿ, ಅಕ್ಷರದ ಆಕಾರ ನೋಡಿ ಜೋಡಿಸಿದ್ದು. ಪತ್ರಿಕೆಗೆ, ಪಠ್ಯಪುಸ್ತಕಕ್ಕೆ ಅಷ್ಟು ಸಾಕು. ಜನರ ಹೆಸರಿಗೆ ಸಾಲದು.

ಇದು ಬರೀ ನಮ್ಮ ಗೋಳಲ್ಲ. 1998ರಿಂದ 2003ರವರೆಗೆ ಚೀನಾದ ಪ್ರಧಾನಿಯಾಗಿದ್ದ ಝು ರೊಂಗ್‌ಜಿ ಅವರ ಹೆಸರಿನ ನಡುವಿನ ಅಕ್ಷರವೂ ಆ 6,763ರಲ್ಲಿ ಇಲ್ಲ. ದೇಶದ ಪ್ರಧಾನಿಯ ಹೆಸರೇ ಕಂಪ್ಯೂಟರಿನಲ್ಲಿ ಬರುತ್ತಿರಲಿಲ್ಲ ಅಂದರೆ ಪ್ರೊಫೆಸರ್ ಯಾವ ಲೆಕ್ಕ.

ಚೀನಾ ಸರ್ಕಾರ 2013ರಲ್ಲಿ ಹೊಸ ಅಧಿಕೃತ ಪಟ್ಟಿ ಕೊಟ್ಟಿತು. ಅದರಲ್ಲಿ 8,105 ಅಕ್ಷರ. ಮೊದಲ ಹಂತದಲ್ಲಿ 3,500, ಎರಡರಲ್ಲಿ 3,000, ಮೂರರಲ್ಲಿ 1,605. ಈ ಮೂರನೇ ಹಂತದಲ್ಲೇ ಹೆಸರಿಗೆ, ಊರಿಗೆ ಬೇಕಾದ ಅಕ್ಷರಗಳು ಬಂದು ಸೇರಿದವು. ನಮ್ಮ ಪ್ರೊಫೆಸರ್ ಅಕ್ಷರವೂ ಅಲ್ಲಿದೆ.

ಇಲ್ಲೇ ಒಂದು ಮಾತು ಒಪ್ಪಿಕೊಳ್ಳಬೇಕು. ಈಮ್ಯಾಕ್ಸ್‌ಗೆ ಪೈಮ್ ಎಂಬ ಬೇರೆ ಪ್ಯಾಕೇಜ್ ಇದೆ. ಪದಪದವಾಗಿ ಟೈಪ್ ಮಾಡಲು ಅದು ಒಳ್ಳೆಯದು. ಅದನ್ನು ಹಾಕಿಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದಕ್ಕೆ ನಿಘಂಟು ಬೇರೆ ಇಳಿಸಿಕೊಳ್ಳಬೇಕು, ಹೊಂದಿಸಬೇಕು. ಇವಳಿಗೆ ಬೇಕಿದ್ದದ್ದು ಜೂನಿಯರ್‌ಗಳಿಗೆ ಪೆನ್‌ಡ್ರೈವಿನಲ್ಲಿ ಹಾಕಿ ಕೊಡಬಹುದಾದ ಒಂದೇ ಫೈಲು. ಜೊತೆಗೆ ನನ್ನ ಹಠವೂ ಸ್ವಲ್ಪ ಇತ್ತು. ಇದ್ದ ಪಟ್ಟಿಯಲ್ಲಿ ತೂತು ಕಂಡ ಮೇಲೆ ಮುಚ್ಚದೆ ನಿದ್ದೆ ಬರುವುದಿಲ್ಲ.

ಮೊದಲ ಪ್ರಯತ್ನ, ಬಣಣ ದಸ

ಯಾವ ಅಕ್ಷರಕ್ಕೆ ಯಾವ ಉಚ್ಚಾರಣೆ ಅನ್ನುವ ಮಾಹಿತಿ ಎಲ್ಲಿಂದ ತರುವುದು? ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ ಗೊತ್ತುಮಾಡುವ ಯೂನಿಕೋಡ್ ಸಂಸ್ಥೆ ಯುನಿಹಾನ್ ಎಂಬ ದತ್ತಾಂಶ ಕೊಡುತ್ತದೆ. ಜಿಪ್ ಫೈಲ್ ಬಿಚ್ಚಿದರೆ ಒಳಗೆ ಉಚ್ಚಾರಣೆಗಳದ್ದೇ ಒಂದು ಫೈಲ್. ಒಂದೊಂದು ಸಾಲಿನಲ್ಲಿ ಅಕ್ಷರದ ಸಂಖ್ಯೆ, ಆಮೇಲೆ ಕಾಲಂ ಹೆಸರು, ಆಮೇಲೆ ಉಚ್ಚಾರಣೆ. ಪ್ರೊಫೆಸರ್ ಅಕ್ಷರದ ಸಂಖ್ಯೆ ಯು+5586. ಹುಡುಕಿದ ತಕ್ಷಣ ಸಿಕ್ಕಿತು. ಹುಡುಗನ ಮುಖ ಅರಳಿತು.

"ಸಾರ್, ಎಲ್ಲಾ ಇಲ್ಲೇ ಐತಲ್ಲ. ಇಡೀ ಪಟ್ಟಿ ಹೊಸದಾಗೇ ಮಾಡಿಬಿಡಾಣ. ಹಳೇದು ಯಾಕೆ?"

ನನಗೂ ಸರಿ ಅನ್ನಿಸಿತು. ತಪ್ಪಾಗಿದ್ದೇ ಅಲ್ಲಿ. ಸಂಜೆ ಹೊತ್ತಿಗೆ ಅವನು ಪೈಥಾನ್‌ನಲ್ಲಿ 80 ಸಾಲಿನ ಸ್ಕ್ರಿಪ್ಟ್ ಬರೆದ. ಯುನಿಹಾನ್ ಓದು, ಉಚ್ಚಾರಣೆಯ ಮೇಲಿನ ಸ್ವರದ ಗುರುತು (ದನಿಯ ಏರಿಳಿತ ತೋರಿಸುವ ಗೆರೆ) ಕಿತ್ತು ಹಾಕು, ಉಳಿದ ಅಕ್ಷರಗಳನ್ನೇ ಕೀ ಮಾಡು, ಕ್ವೇಲ್ ಫೈಲ್ ಬರಿ. ಓಡಿಸಿದ. ಫೈಲ್ ಬಂತು. ಪ್ರೊಫೆಸರ್ ಹೆಸರೂ ಬಂತು. ಮಂಡಕ್ಕಿ ಮೆಣಸಿನಕಾಯಿ ತರಿಸಿ ತಿಂದೆವು.

ಮಾರನೇ ದಿನ ಹನ್ನೊಂದು ಗಂಟೆಗೆ ಫೋನ್.

"ಮಾಮ, ಹೆಂಗಸರು ಎಲ್ಲಾ ಎಲ್ಲಿಗೆ ಹೋದ್ರು?"

ಸ್ತ್ರೀರೋಗದ ಭಾಗ ಟೈಪ್ ಮಾಡುತ್ತಿದ್ದಳಂತೆ. ಹೆಣ್ಣು ಎಂಬುದಕ್ಕೆ ಪಿನ್‌ಯಿನ್‌ನಲ್ಲಿ ಎನ್, ಅದರ ಮುಂದೆ ಎರಡು ಚುಕ್ಕೆ ಹೊತ್ತ ಯು. ತುಟಿಯನ್ನು ಉ ಅನ್ನುವ ಹಾಗೆ ಮಾಡಿ ಈ ಅನ್ನಬೇಕು, ಅಂಥ ಉಚ್ಚಾರಣೆ. ಚುಕ್ಕೆಯ ಯು ಕೀಬೋರ್ಡಿನಲ್ಲಿ ಇಲ್ಲದ್ದರಿಂದ ಫೋನಿನಲ್ಲಿ ಎಲ್ಲರೂ ವಿ ಒತ್ತುತ್ತಾರೆ. ಪಿನ್‌ಯಿನ್‌ನಲ್ಲಿ ವಿ ಅಕ್ಷರಕ್ಕೆ ಬೇರೆ ಕೆಲಸವಿಲ್ಲ. ಅವಳು ಎನ್, ವಿ ಒತ್ತಿದರೆ ಏನೂ ಬರಲಿಲ್ಲ. ಎನ್, ಯು ಒತ್ತಿ ನೋಡಿದರೆ ಹೆಣ್ಣು ಅಲ್ಲಿದ್ದಾಳೆ, ಗುಲಾಮ ಎಂಬ ಅಕ್ಷರದ ಜೊತೆ. ವಿಚಿತ್ರ ಏನೆಂದರೆ ಗುಲಾಮ ಎಂಬ ಅಕ್ಷರದ ಎಡಗಡೆಯ ಅರ್ಧ ಭಾಗವೇ ಹೆಣ್ಣು ಎಂಬ ಅಕ್ಷರ. ಮೂರು ಸಾವಿರ ವರ್ಷದ ಹಿಂದೆ ಯಾರೋ ಜೋಡಿಸಿದ್ದನ್ನು ನಮ್ಮ ಹುಡುಗ ಗೊತ್ತಿಲ್ಲದೆ ಮತ್ತೆ ಜೋಡಿಸಿದ್ದ.

ಆಗಿದ್ದು ಇಷ್ಟು. ಆ ಯು ಮೇಲೆ ಎರಡು ಚುಕ್ಕೆ, ಅದರ ಮೇಲೆ ಮೂರನೇ ಸ್ವರದ ಕೊಕ್ಕೆ. ಯೂನಿಕೋಡ್ ನಿಯಮದ ಪ್ರಕಾರ ಬಿಡಿಸಿದರೆ ಮೂರು ತುಂಡು: ಬರೀ ಯು, ಚುಕ್ಕೆ, ಕೊಕ್ಕೆ. ಹುಡುಗ "ಅಕ್ಷರದ ಮೇಲಿರುವ ಗುರುತೆಲ್ಲ ಕಿತ್ತು ಹಾಕು" ಅಂತ ಬರೆದಿದ್ದ. ಕೊಕ್ಕೆ ಹೋಗಬೇಕಿತ್ತು, ಹೋಯಿತು. ಚುಕ್ಕೆ ಇರಬೇಕಿತ್ತು, ಅದೂ ಹೋಯಿತು. ಕೊಕ್ಕೆ ಸ್ವರದ ಗುರುತು. ಚುಕ್ಕೆ ಅಕ್ಷರದ್ದೇ ಅಂಗ.

"ಎರಡೂ ಮೇಲೇ ಕೂತಿದಾವಲ್ಲ ಸಾರ್, ನಂಗೆ ಒಂದೇ ಥರ ಕಂಡ್ವು," ಅಂದ.

ಅವನಿಗೆ ಬೈಯಲಿಲ್ಲ. ಒಂದು ಚೀಟಿಯ ಮೇಲೆ "ಬೆಣ್ಣೆ ದೋಸೆ" ಅಂತ ಬರೆದು, ಇದರಲ್ಲಿ ಮೂಲ ಅಕ್ಷರ ಬಿಟ್ಟು ಮಿಕ್ಕ ಚಿಹ್ನೆಯೆಲ್ಲ ತೆಗಿ ಅಂದೆ. ಏತ್ವ ತೆಗೆದ, ಒತ್ತು ಬಿಡಿಸಿದ, ಓತ್ವ ತೆಗೆದ. ಉಳಿದದ್ದು "ಬಣಣ ದಸ". ಆಮೇಲೆ ಎರಡು ದಿನ ನಮ್ಮ ಆಫೀಸಿನಲ್ಲಿ ಊಟಕ್ಕೆ ಹೊರಡುವಾಗ "ಬಣಣ ದಸ ತಿನ್ನಾಣ್ವಾ ಸಾರ್" ಅನ್ನುವುದೇ ಆಯಿತು. ಸ್ಕ್ರಿಪ್ಟ್ ತಿದ್ದಿದ್ದು ಒಂದೇ ಸಾಲು: ನಾಲ್ಕು ಸ್ವರಗಳ ನಾಲ್ಕು ಗುರುತು, ಅಂದರೆ ಅಡ್ಡಗೆರೆ, ಏರುಗೆರೆ, ಕೊಕ್ಕೆ, ಇಳಿಗೆರೆ, ಇವನ್ನು ಹೆಸರು ಹಿಡಿದು ತೆಗಿ. ಬೇರೆ ಯಾವುದನ್ನೂ ಮುಟ್ಟಬೇಡ.

ಚುಕ್ಕೆಯ ಯು ಬಂದಲ್ಲಿ ವಿ ಇಟ್ಟೆವು. ಈಮ್ಯಾಕ್ಸ್‌ನ ಹಳೆಯ ಸಹಾಯ ಪುಟ ಅದನ್ನು ವೈ, ಯು ಎಂದು ಬರೆಯುತ್ತದೆ. ಅದಕ್ಕೆ ಒಗ್ಗಿದವರೂ ಇರುತ್ತಾರೆ ಅಂತ ಎರಡೂ ದಾರಿ ಬಿಟ್ಟೆವು.

ಅಷ್ಟರಲ್ಲಿ ಎರಡನೇ ದೂರು. ರಕ್ತ ಎಂಬ ಅಕ್ಷರಕ್ಕೆ ಎರಡು ಉಚ್ಚಾರಣೆ ಇದೆ. ವೈದ್ಯರ ಪುಸ್ತಕದಲ್ಲಿ ಒಂದು, ಮನೆಮಾತಿನಲ್ಲಿ "ಸ್ವಲ್ಪ ರಕ್ತ ಬಂತು" ಅನ್ನುವಾಗ ಇನ್ನೊಂದು. ನಾವು ತೆಗೆದುಕೊಂಡಿದ್ದ ಯುನಿಹಾನ್ ಕಾಲಂ ಒಂದು ಅಕ್ಷರಕ್ಕೆ ಹೆಚ್ಚು ರೂಢಿಯಲ್ಲಿರುವ ಒಂದೇ ಉಚ್ಚಾರಣೆ ಕೊಡುವಂಥದ್ದು. ರೋಗಿ ಹೇಳುವ ರಕ್ತ ಅದರಲ್ಲಿ ಇರಲಿಲ್ಲ. ಬ್ಯಾಂಕ್ ಎಂಬ ಪದದ ಎರಡನೇ ಅಕ್ಷರವೂ ಹೀಗೇ. ನಡೆ ಅನ್ನುವ ಅರ್ಥದಲ್ಲಿ ಒಂದು ಉಚ್ಚಾರಣೆ, ಅಂಗಡಿಸಾಲು ಅನ್ನುವ ಅರ್ಥದಲ್ಲಿ ಇನ್ನೊಂದು. ನಮ್ಮ ಪಟ್ಟಿಯಲ್ಲಿ ಬ್ಯಾಂಕು ಮುಚ್ಚಿಹೋಗಿತ್ತು.

ಮೂರನೇ ದೂರು ಅನುಕ್ರಮದ್ದು. ಅಕ್ಷರಗಳನ್ನು ಯೂನಿಕೋಡ್ ಸಂಖ್ಯೆಯ ಪ್ರಕಾರ ಜೋಡಿಸಿದ್ದೆವು. ಆ ಸಂಖ್ಯೆಗಳು ಅಕ್ಷರದ ಆಕಾರ, ಗೆರೆಗಳ ಎಣಿಕೆ ನೋಡಿ ಕೊಟ್ಟಿರುವಂಥವು. ಬಳಕೆಗೂ ಅದಕ್ಕೂ ಸಂಬಂಧ ಇಲ್ಲ. ಯಾರೂ ಬರೆಯದ ಅಕ್ಷರಗಳು ಮುಂದಿನ ಸಾಲಿನಲ್ಲಿ, ದಿನಾ ಬೇಕಾದವು ಹಿಂದೆ. 13ನೇ ಜಾಗದ "ನೀನು" ಎಷ್ಟೋ ವಾಸಿ ಅನ್ನಿಸಿತು.

ಮೂರೂ ಸೇರಿ ನನಗೆ ಬುದ್ಧಿ ಬಂತು. ಹಳೆಯ ಪಟ್ಟಿಯನ್ನು ಮಾಡಿದವರು ಒಂದೊಂದು ಅಕ್ಷರವನ್ನೂ ಯಾವ್ಯಾವ ಉಚ್ಚಾರಣೆಯ ಕೆಳಗೆ ಇಡಬೇಕು ಅಂತ ಕೂತು ನೋಡಿದ್ದರು. ನಾವು ಒಂದು ಸಂಜೆಯಲ್ಲಿ ಅದನ್ನು ಗುಡಿಸಿ ಹಾಕಿದ್ದೆವು. ಸ್ಕ್ರಿಪ್ಟ್ ಅಳಿಸಲಿಲ್ಲ, ಆದರೆ ಅದರ ಕೆಲಸ ಬದಲಿಸಿದೆವು. ಹಳೆಯದು ಇದ್ದ ಹಾಗೇ ಇರಲಿ. ಅದರಲ್ಲಿ ಇಲ್ಲದ ಅಕ್ಷರಗಳನ್ನು ಮಾತ್ರ, ಆಯಾ ಸಾಲಿನ ಕೊನೆಗೆ ಸೇರಿಸೋಣ. ಬೆರಳಿಗೆ ಅಭ್ಯಾಸವಾದ ಯಾವ ಅಂಕಿಯೂ ಅಲುಗಬಾರದು.

ಎರಡನೇ ಪ್ರಯತ್ನ, "ಇದು" ಕಾಣೆ

ಈ ಸಲ ಉಚ್ಚಾರಣೆಗೆ ಯುನಿಹಾನ್‌ನ ಬೇರೆ ಕಾಲಂ ಹಿಡಿದೆವು. 2013ರ ಆ 8,105 ಅಕ್ಷರಗಳ ನಿಘಂಟಿನಿಂದ ತೆಗೆದ ಉಚ್ಚಾರಣೆಗಳು ಅಲ್ಲಿವೆ. ಪುಟದ ಅಂಕಿ, ಒಂದು ಕೋಲನ್, ಆಮೇಲೆ ಉಚ್ಚಾರಣೆ. ಎರಡು ಮೂರು ಇದ್ದರೆ ಅಷ್ಟೂ. ಅದರಿಂದ ಹಳೆಯ 6,763 ಕಳೆದು ಉಳಿದದ್ದಷ್ಟೇ ನಮ್ಮ ಪಟ್ಟಿ.

ಈ ಸಲ ತಪ್ಪು ನನ್ನದು. ಕ್ವೇಲ್‌ಗೆ ಹೊಸ ನಿಯಮ ಸೇರಿಸುವ ಫಂಕ್ಷನ್‌ಗೆ ಮೂರು ವಿಷಯ ಕೊಟ್ಟೆ: ಕೀ, ಅಕ್ಷರ, ಯಾವ ಪಟ್ಟಿ. ನಾಲ್ಕನೆಯದು ಕೊಟ್ಟರೆ ಕೊಡಬಹುದು, ಬಿಟ್ಟರೆ ಬಿಡಬಹುದು. ನಾನು ಬಿಟ್ಟೆ. ಓಡಿಸಿ ಜೆಡ್, ಎಚ್, ಇ ಒತ್ತಿದರೆ ಪ್ರೊಫೆಸರ್ ಅಕ್ಷರ ಕಣ್ಣಿಗೆ ರಾಚುವ ಹಾಗೆ ಮೊದಲನೆಯದಾಗಿ ಬಂತು. ಬಲೇ ಅಂದುಕೊಂಡೆ. ಆಮೇಲೆ ನೋಡಿದರೆ ಅದರ ಹಿಂದೆ ಯಾರೂ ಇಲ್ಲ. "ಇದು" ಎಂಬ ಪದದ ಅಕ್ಷರವೂ ಅದೇ ಕೀಯ ಕೆಳಗೆ ಇರಬೇಕು, ಅದು ಮಾಯ. ಆ ಸಾಲಿನಲ್ಲಿದ್ದವರೆಲ್ಲ ಮಾಯ.

ಆ ನಾಲ್ಕನೆಯ ವಿಷಯದ ಹೆಸರೇ ಅಪೆಂಡ್. ಅದನ್ನು ಕೊಟ್ಟರೆ ಹೊಸ ಅಕ್ಷರ ಇದ್ದ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಕೊಡದಿದ್ದರೆ ಇದ್ದವರನ್ನೆಲ್ಲ ಎಬ್ಬಿಸಿ ತಾನೊಬ್ಬನೇ ಕೂರುತ್ತದೆ. ಸಹಾಯ ಪುಟದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ನಾನು ಓದಿರಲಿಲ್ಲ. ಹುಡುಗ ಏನೂ ಅನ್ನಲಿಲ್ಲ, ಆದರೆ ಅವತ್ತು ಟೀ ತರುವಾಗ ಸ್ವಲ್ಪ ಜಾಸ್ತಿಯೇ ನಗುತ್ತಿದ್ದ.

ಸರಿಪಡಿಸಿದ ಮೇಲೆ ಪ್ರೊಫೆಸರ್ ಅಕ್ಷರ ಸಾಲಿನ ಕೊನೆಗೆ ಹೋಯಿತು. ಅವಳಿಗೆ ಇದು ಇಷ್ಟವಾಗಲಿಲ್ಲ. "ಇನ್ನೂ ಸ್ವಲ್ಪ ಮುಂದೆ ತರೋಕ್ಕಾಗಲ್ವಾ?" ಆಗಬಹುದು, ಆದರೆ ಯಾರನ್ನು ಹಿಂದೆ ತಳ್ಳುವುದು? ಯುನಿಹಾನ್‌ನಲ್ಲಿ 1986ರ ಒಂದು ನಿಘಂಟಿನಿಂದ ಬಂದ ಬಳಕೆಯ ಎಣಿಕೆ ಇದೆ. ಅದು ಹೆಚ್ಚು ಬಳಕೆಯ ಅಕ್ಷರಗಳಿಗೆ ಮಾತ್ರ. ನಮ್ಮ ಹೊಸ ಅಕ್ಷರಗಳ ಜಾಗ ಗೊತ್ತುಮಾಡಲು ಅದು ಬರುವುದಿಲ್ಲ. ಕೊನೆಗೇ ಇರಲಿ ಅಂತ ತೀರ್ಮಾನಿಸಿದೆ.

ಉಚ್ಚಾರಣೆ ಆರಿಸುವಾಗ ಅವಳು ಹೇಳಿದ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಚೈನೀಸ್‌ನಲ್ಲಿ ಕ್ಯಾನ್ಸರ್ ಎಂಬ ಅಕ್ಷರಕ್ಕೆ ಹಿಂದೆ ಇದ್ದ ಉಚ್ಚಾರಣೆ "ಯೆನ್". ಉರಿಯೂತ ಎಂಬುದಕ್ಕೂ "ಯೆನ್". ಶ್ವಾಸಕೋಶ ಎಂಬ ಪದ ಮುಂದೆ ಸೇರಿಸಿದರೆ ಶ್ವಾಸಕೋಶದ ಕ್ಯಾನ್ಸರ್, ನ್ಯುಮೋನಿಯಾ ಎರಡೂ ಕಿವಿಗೆ ಒಂದೇ. ಡಾಕ್ಟರು ಹೇಳಿದ್ದು ಯಾವುದು ಅಂತ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಕ್ಯಾನ್ಸರಿನ ಉಚ್ಚಾರಣೆಯನ್ನು "ಐ" ಎಂದು ಬದಲಿಸಿದರು. ಹಳೆಯ ನಿಘಂಟು ತೆಗೆದರೆ ಹಳೆಯದು ಸಿಗುತ್ತದೆ. ಹುಡುಗ ಅದನ್ನೂ ಸೇರಿಸೋಣ, ಹುಡುಕುವವರಿಗೆ ಅನುಕೂಲ ಅಂದ. ಅವಳು ಬಿಲ್ಕುಲ್ ಬೇಡ ಅಂದಳು. "ಎರಡೂ ಒಂದೇ ಸಾಲಲ್ಲಿ ಅಕ್ಕಪಕ್ಕ ಬಂದ್ರೆ ಒಂದಿನ ಯಾರೋ ತಪ್ಪು ಅಂಕಿ ಒತ್ತುತಾರೆ. ಕೇಸ್ ಶೀಟಲ್ಲಿ ನ್ಯುಮೋನಿಯಾ ಹೋಗಿ ಕ್ಯಾನ್ಸರ್ ಆಗುತ್ತೆ." ಸೇರಿಸಲಿಲ್ಲ.

ತೈವಾನ್ ಕಡೆಯದನ್ನೂ ಮಾಡೋಣ ಅಂತ ಹುಡುಗನಿಗೆ ಆಸೆ. ಅಲ್ಲಿನವರು ಉಚ್ಚಾರಣೆ ಟೈಪ್ ಮಾಡಲು ಹೆಚ್ಚಾಗಿ ರೋಮನ್ ಬಳಸುವುದಿಲ್ಲ. ಝುಯಿನ್ ಎಂಬ 37 ಗುರುತುಗಳಿವೆ, ಮೊದಲ ನಾಲ್ಕರಿಂದ ಬೊಪೊಮೊಫೊ ಅಂತಲೂ ಕರೆಯುತ್ತಾರೆ. 1918ರಲ್ಲಿ ಜಾರಿಗೆ ಬಂದದ್ದು, ಪಿನ್‌ಯಿನ್‌ಗಿಂತ ಹಳೆಯದು. ಪಿನ್‌ಯಿನ್‌ನಿಂದ ಅದಕ್ಕೆ ಬದಲಿಸುವುದು ಸುಲಭದ ಲೆಕ್ಕ, ಒಂದು ಕೋಷ್ಟಕ ಸಾಕು. ಆದರೆ ಉಚ್ಚಾರಣೆಗಳೇ ಕೆಲವು ಕಡೆ ಬೇರೆ. ಕಸ ಎಂಬ ಪದಕ್ಕೆ ಚೀನಾದಲ್ಲಿ "ಲಾಜಿ", ತೈವಾನ್‌ನಲ್ಲಿ "ಲಸ". ಬರೆಯುವ ಅಕ್ಷರ ಎರಡು ಕಡೆಯೂ ಒಂದೇ. ನಮ್ಮ ಮಂಡಕ್ಕಿ ಹುಬ್ಬಳ್ಳಿಗೆ ಹೋದರೆ ಚುರುಮುರಿ, ಮೈಸೂರಿಗೆ ಹೋದರೆ ಪುರಿ. ಅಲ್ಲಿನವರು ಯಾರಾದರೂ ಕೂತು ನೋಡದೆ ಆ ಪಟ್ಟಿ ಮಾಡುವುದು ಬೇಡ ಅಂದೆ.

ಪರೀಕ್ಷೆ ಮತ್ತು ಲೈಸೆನ್ಸ್

ಪರೀಕ್ಷೆ ಎರಡು ಥರ ಮಾಡಿದೆವು. ಒಂದು, 8,105ರಲ್ಲಿ ಪ್ರತಿಯೊಂದು ಅಕ್ಷರವೂ ಅದರ ಎಲ್ಲ ಉಚ್ಚಾರಣೆಯಿಂದಲೂ ಸಿಗುತ್ತದೆಯೇ ಅಂತ ಸ್ಕ್ರಿಪ್ಟೇ ನೋಡುವುದು. ಇನ್ನೊಂದು, ಅವಳು ಓದುವುದು, ಹುಡುಗ ಟೈಪ್ ಮಾಡುವುದು. ಎರಡನೆಯದರಲ್ಲೇ ಹೆಚ್ಚು ಸಿಕ್ಕಿದ್ದು. ಹುಡುಗನಿಗೆ ಚೈನೀಸ್ ಬರುವುದಿಲ್ಲ, ಹಾಗಾಗಿ ಅವಳು ಹೇಳಿದ ಕೀ ಒತ್ತಿ ಪರದೆಯ ಮೇಲೆ ಏನು ಕಾಣುತ್ತದೋ ಅಷ್ಟನ್ನೇ ಹೇಳುತ್ತಿದ್ದ. "ಅಕ್ಕ, ಇಲ್ಲಿ ಒಂದು ಡಬ್ಬಿ ಬಂತು." ಕೆಲವು ಹೊಸ ಅಕ್ಷರಗಳಿಗೆ ನಮ್ಮ ಕಂಪ್ಯೂಟರಿನಲ್ಲಿ ಫಾಂಟೇ ಇರಲಿಲ್ಲ. ಮೊದಮೊದಲ ದಿನಗಳಲ್ಲಿ ಕನ್ನಡ ಯೂನಿಕೋಡ್ ಬಳಸಿದವರಿಗೆ ಈ ಡಬ್ಬಿಯ ಪರಿಚಯ ಚೆನ್ನಾಗಿದೆ, ಅಲ್ವಾ. ನೋಟೋ ಫಾಂಟ್ ಹಾಕಿದ ಮೇಲೆ ಡಬ್ಬಿಗಳು ಹೋದವು.

ಲೈಸೆನ್ಸ್ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿ. ಹುಡುಗ ಎಲ್ಲಿಂದಲೋ ಒಂದು ಒಳ್ಳೆಯ ಬಳಕೆಯ ಎಣಿಕೆ ಪಟ್ಟಿ ಇಳಿಸಿಕೊಂಡು ಬಂದಿದ್ದ. ಯಾರು ಮಾಡಿದ್ದು, ಬಳಸಲು ಅನುಮತಿ ಇದೆಯೇ, ಒಂದು ಸಾಲೂ ಬರೆದಿರಲಿಲ್ಲ. ಅನುಕ್ರಮದ ತಲೆನೋವು ಅದರಿಂದ ತೀರುತ್ತಿತ್ತು. ಆದರೂ ಬಳಸಲಿಲ್ಲ. ಯುನಿಹಾನ್‌ಗೆ ಆ ತೊಂದರೆ ಇಲ್ಲ. ಯೂನಿಕೋಡ್ ಸಂಸ್ಥೆಯ ಹಕ್ಕಿನ ಸೂಚನೆ ಜೊತೆಗಿಟ್ಟರೆ ಬಳಸಬಹುದು, ಹಂಚಬಹುದು. ಆ ಸೂಚನೆಯನ್ನು ಫೈಲಿನ ತಲೆಯಲ್ಲೇ ಅಂಟಿಸಿದ್ದೇವೆ.

ಈಮ್ಯಾಕ್ಸ್‌ನ ಒಳಗೇ ಸೇರಿಸಬೇಕು ಅಂದರೆ ಇನ್ನೊಂದು ಹೆಜ್ಜೆ ಇದೆ. ಸುಮಾರು 15 ಸಾಲಿಗಿಂತ ದೊಡ್ಡ ಕೊಡುಗೆ ಕೊಡುವವರು ತಮ್ಮ ಕೃತಿಯ ಹಕ್ಕನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕು. ಸ್ಕ್ರಿಪ್ಟ್ ಬರೆದದ್ದು ಹುಡುಗ, ತಿದ್ದಿದ್ದು ನಾನು. ಇಬ್ಬರೂ ಸಹಿ ಹಾಕಬೇಕಾಗುತ್ತದೆ. ಹುಡುಗನ ಮನೆಯಲ್ಲಿ "ಹಕ್ಕು ಬರೆದುಕೊಡುವುದು" ಅಂದ ಕೂಡಲೇ ಹೊಲದ ಪತ್ರ ನೆನಪಾಗಿ ಅವನ ಅಪ್ಪ ಗಾಬರಿಯಾದರಂತೆ. ಅದನ್ನು ಬಿಡಿಸಿ ಹೇಳಲು ಒಂದು ಭಾನುವಾರ ನಾನೇ ಹರಿಹರಕ್ಕೆ ಹೋಗಿ ಬಂದೆ. ಕಾಗದ ಇನ್ನೂ ಹೋಗಿಲ್ಲ. ಸದ್ಯಕ್ಕೆ ನಮ್ಮದು ಬೇರೆ ಫೈಲು. ಈಮ್ಯಾಕ್ಸ್ ಶುರುವಾಗುವಾಗ ಒಂದು ಸಾಲು ಬರೆದರೆ ಹಳೆಯ ಪಟ್ಟಿಯ ಬಾಲಕ್ಕೆ ಬಂದು ಕೂರುತ್ತದೆ.

ಮುದ್ರಣ

ಪದಪಟ್ಟಿಯ ಮೊದಲ ಭಾಗ 40 ಪುಟ ಆಯಿತು. ಕಾಲೇಜೊಂದರ ಹತ್ತಿರದ ಜೆರಾಕ್ಸ್ ಅಂಗಡಿಗೆ ಅವಳೇ ಪೆನ್‌ಡ್ರೈವ್ ತೆಗೆದುಕೊಂಡು ಹೋದಳು. ಪಿಡಿಎಫ್ ಮಾಡಿಕೊಂಡು ಹೋಗು ಅಂದಿದ್ದೆ. ಅವಸರದಲ್ಲಿ ಮೂಲ ಫೈಲನ್ನೇ ಒಯ್ದಿದ್ದಳು. ಸ್ಪೈರಲ್ ಹಾಕಿದ ಹತ್ತು ಪ್ರತಿ ಕೈಗೆ ಬಂದ ಮೇಲೆ ತೆಗೆದು ನೋಡಿದರೆ ಎಲ್ಲ ಸರಿಯಾಗಿದೆ, ಕೃತಜ್ಞತೆಯ ಪುಟದಲ್ಲಿ ಪ್ರೊಫೆಸರ್ ಹೆಸರಿನ ಎರಡನೇ ಅಕ್ಷರದ ಜಾಗದಲ್ಲಿ ಮಾತ್ರ ನೀಟಾಗಿ ಒಂದು ಚೌಕ.

ಅಂಗಡಿಯವನು, "ಮೇಡಂ, ಅದು ಡಿಸೈನ್ ಅಲ್ವಾ?" ಅಂದನಂತೆ.

ನಮ್ಮ ಆಫೀಸಿನಲ್ಲಿ ಫಾಂಟ್ ಒಳಗೇ ಸೇರಿಸಿ ಪಿಡಿಎಫ್ ಮಾಡಿ, ಆ ಒಂದು ಹಾಳೆ ಮಾತ್ರ ಹತ್ತು ಪ್ರತಿ ತೆಗೆಸಿ, ಸ್ಪೈರಲ್ ಬಿಚ್ಚಿ ಮತ್ತೆ ಹಾಕಿಸಿದೆವು. ಅದರ ಫೋಟೋ ಪ್ರೊಫೆಸರ್‌ಗೆ ಹೋಯಿತು. ಅವರು ಹೆಸರಿನ ಬಗ್ಗೆ ಏನೂ ಹೇಳಲಿಲ್ಲ. 12ನೇ ಪುಟವನ್ನೂ ಕಳಿಸು, ಸ್ವರದ ಗುರುತು ಸರಿ ಇದೆಯಾ ನೋಡುತ್ತೇನೆ ಅಂದರಂತೆ. ಆ ಗುರುತುಗಳನ್ನೆಲ್ಲ ಅವಳು ಕೈಯಿಂದಲೇ ಹಾಕಿದ್ದಾಳೆ. ಸ್ವರದ ಅಂಕಿಯನ್ನೂ ಸೇರಿಸಿ ಟೈಪ್ ಮಾಡುವ ಇನ್ನೊಂದು ಪಟ್ಟಿ ಈಮ್ಯಾಕ್ಸ್‌ನಲ್ಲಿದೆ. ಅದಕ್ಕೆ ಈ ಹೊಸ ಅಕ್ಷರಗಳನ್ನು ಸೇರಿಸುವ ಕೆಲಸ ಇನ್ನೂ ಬಾಕಿ. ಅವಳ ಪರೀಕ್ಷೆ ಮುಗಿದ ಮೇಲೆ ಕೂರೋಣ ಅಂದುಕೊಂಡಿದ್ದೇವೆ.